ಹಳೆಯ ಜಪಾನಿ ಕಾರಿನ ಬಣ್ಣವೂ ವ್ಯಾಪಾರದ ನಂಬಿಕೆಯೂ

ಜಪಾನಿನ ಚಿಬಾ ಪ್ರಾಂತ್ಯದ ನೋದಾ ನಗರದಲ್ಲಿ ಯುಎಸ್‌ಎಸ್ ಎಂಬ ಸಂಸ್ಥೆಯು ನಡೆಸುವ ಬಳಸಿದ ಕಾರುಗಳ ಹರಾಜು ಕೇಂದ್ರವಿದೆ. ವಾರಕ್ಕೊಮ್ಮೆ ಜರುಗುವ ಈ ಹರಾಜಿನಲ್ಲಿ ಒಂದೇ ದಿನ ಸಾವಿರಾರು ವಾಹನಗಳು ಕೂಗಿಗೆ ಬರುತ್ತವೆ. ಒಂದು ಕಾರಿನ ಬೆಲೆ ತೀರ್ಮಾನವಾಗಲು ಹಿಡಿಯುವ ಕಾಲ ಕೆಲವೇ ಸೆಕೆಂಡು. ಕೊಳ್ಳುವವರಲ್ಲಿ ಬಹಳಷ್ಟು ಮಂದಿ ಕಾರನ್ನು ಕಣ್ಣಾರೆ ಕಂಡಿರುವುದಿಲ್ಲ. ಆಕ್ಲೆಂಡ್‌ನಲ್ಲೋ, ಕೊಲಂಬೊದಲ್ಲೋ, ಲಾಸ್ ಏಂಜಲೀಸ್‌ನಲ್ಲೋ ಕುಳಿತು ಜಪಾನಿನಲ್ಲಿರುವ ಪ್ರತಿನಿಧಿಯ ಮೂಲಕ ಬೆಲೆ ಕೂಗಿಸುತ್ತಾರೆ. ಸಾಗರದಾಚೆಯ ವರ್ತಕನು ತಾನು ನೋಡದ ವಸ್ತುವಿಗೆ ಲಕ್ಷಾಂತರ ಯೆನ್ ತೆರಲು ಮುಂದಾಗುವುದು ಒಂದೇ ಒಂದು ಹಾಳೆಯ ಮೇಲಿನ ಭರವಸೆಯಿಂದ.

ಆ ಹಾಳೆಯನ್ನು ಹರಾಜು ಪತ್ರವೆನ್ನಬಹುದು. ಅದರಲ್ಲಿ ಕಾರಿನ ಮೈಯನ್ನು ಬಿಡಿಸಿ ಹರಡಿದಂತಹ ಸಣ್ಣ ರೇಖಾಚಿತ್ರವೊಂದಿರುತ್ತದೆ. ಚಿತ್ರದ ಮೇಲೆ ಅಲ್ಲಲ್ಲಿ ಒಂದು ರೋಮನ್ ಅಕ್ಷರ, ಅದರ ಪಕ್ಕಕ್ಕೊಂದು ಅಂಕಿ. ಎ ಎಂದರೆ ಗೀರು; ಯು ಎಂದರೆ ತಗ್ಗು; ಬಿ ಎಂದರೆ ಗೀರಿನೊಡನೆ ಕೂಡಿದ ತಗ್ಗು; ಎಸ್ ಎಂದರೆ ತುಕ್ಕು; ಡಬ್ಲ್ಯು ಎಂದರೆ ಹಿಂದೊಮ್ಮೆ ದುರಸ್ತಿಯಾದ ಜಾಗದಲ್ಲಿ ಉಳಿದ ಅಲೆ; ಎರಡು ಎಕ್ಸ್ ಎಂದರೆ ಬದಲಾಯಿಸಿದ ಭಾಗ. ಅಂಕಿ ಏರಿದಂತೆ ದೋಷದ ಗಾತ್ರವೂ ಏರುತ್ತದೆ. ಎಡಬಾಗಿಲಿನ ಮೇಲೆ ಎ-1 ಎಂದಿದ್ದರೆ ಹತ್ತಿರ ನಿಂತು ನೋಡಿದಾಗಲಷ್ಟೇ ಕಾಣುವ ಗೀರು. ಯು-3 ಎಂದಿದ್ದರೆ ದಾರಿಹೋಕನ ಕಣ್ಣಿಗೂ ಬೀಳುವ ತಗ್ಗು. ಇಡೀ ಕಾರಿಗೆ 5, 4.5, 4, 3.5, 3 ಎಂಬಂತೆ ಒಟ್ಟು ದರ್ಜೆ, ಒಳಾಂಗಣಕ್ಕೆ ಎ, ಬಿ, ಸಿ, ಡಿ ಎಂದು ಪ್ರತ್ಯೇಕ ದರ್ಜೆ. ಕಾರಿನ ಅಸ್ಥಿಪಂಜರಕ್ಕೇ ಪೆಟ್ಟು ಬಿದ್ದು ದುರಸ್ತಿಯಾಗಿದ್ದರೆ ಅಂಕಿಯ ಬದಲು ಆರ್ ಎಂಬ ಅಕ್ಷರ ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಈ ಗುರುತುಗಳನ್ನು ಹಾಕುವವನು ಮಾರುವವನೂ ಅಲ್ಲ, ಕೊಳ್ಳುವವನೂ ಅಲ್ಲ. ಹರಾಜು ಸಂಸ್ಥೆಯ ಪರಿವೀಕ್ಷಕ.

ಶಿವಮೊಗ್ಗ, ಶಿರಸಿಗಳ ಅಡಿಕೆ ವರ್ತಕರಿಗೆ ಈ ಪದ್ಧತಿ ತೀರ ಅಪರಿಚಿತವೆನಿಸದು. ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಹೆಸರುಗಳು ಹುಟ್ಟಿಕೊಂಡದ್ದೂ ಇದೇ ಅಗತ್ಯದಿಂದ. ಕಾಣದ ಊರಿನ ಖರೀದಿದಾರನಿಗೆ ಮಾಲಿನ ಗುಣವನ್ನು ಒಂದೇ ಪದದಲ್ಲಿ ತಿಳಿಸುವುದು ವ್ಯಾಪಾರದ ಹಳೆಯ ಉಪಾಯ. ಜಪಾನೀಯರು ಮಾಡಿದ ವಿಶೇಷವೆಂದರೆ ಒಳ್ಳೆಯದಕ್ಕಷ್ಟೇ ಅಲ್ಲದೆ ಕೆಟ್ಟದ್ದಕ್ಕೂ ಹೆಸರಿಟ್ಟು, ಅದನ್ನು ಅಳೆದು, ಎಲ್ಲರೂ ಓದುವಂತೆ ಬರೆದದ್ದು. ಜಪಾನಿನಿಂದ ವರ್ಷಕ್ಕೆ ಹತ್ತು ಲಕ್ಷಕ್ಕೂ ಮಿಗಿಲಾದ ಹಳೆಯ ಕಾರುಗಳು ಹೊರದೇಶಗಳಿಗೆ ರಫ್ತಾಗುತ್ತಿರುವುದರ ಹಿಂದೆ ಆ ಕಾರುಗಳ ಯಂತ್ರದ ಗಟ್ಟಿತನದಷ್ಟೇ ಈ ಹಾಳೆಯ ಪಾಲೂ ಇದೆ.

ಪ್ರಸ್ತುತ ವಿಷಯ ಆ ಹತ್ತು ಲಕ್ಷದಲ್ಲಿ ಬಹು ಚಿಕ್ಕ ಭಾಗಕ್ಕೆ ಸಂಬಂಧಿಸಿದ್ದು. ನಿಸಾನ್ ಸ್ಕೈಲೈನ್ ಜಿಟಿ-ಆರ್, ಮಜ್ದಾ ಆರ್‌ಎಕ್ಸ್-7, ಟೊಯೊಟಾ ಸುಪ್ರಾ, ಹೋಂಡಾ ಎನ್‌ಎಸ್‌ಎಕ್ಸ್ ಮೊದಲಾದ 1990ರ ದಶಕದ ಕ್ರೀಡಾ ಕಾರುಗಳು ಇಂದು ಸಂಗ್ರಾಹಕರ ಸೊತ್ತಾಗಿವೆ. ಅಮೆರಿಕದಲ್ಲಿ 1988ರ ಕಾನೂನಿನ ಪ್ರಕಾರ, ಅಲ್ಲಿನ ಸುರಕ್ಷಾ ಮಾನದಂಡಕ್ಕೆ ಹೊಂದದ ಹೊರದೇಶದ ಕಾರನ್ನು, ಅದು ತಯಾರಾಗಿ 25 ವರ್ಷ ತುಂಬಿದ ಮೇಲೆ ನಿರ್ಬಂಧವಿಲ್ಲದೆ ತರಿಸಿಕೊಳ್ಳಬಹುದು. ಕೆನಡಾದಲ್ಲಿ ಈ ಅವಧಿ 15 ವರ್ಷ. 1989ರಲ್ಲಿ ತಯಾರಿಕೆ ಆರಂಭವಾದ ಆರ್32 ಮಾದರಿಯ ಜಿಟಿ-ಆರ್‌ಗೆ ಅಮೆರಿಕದ ಬಾಗಿಲು ತೆರೆದದ್ದು 2014ರಲ್ಲಿ. 1999ರಲ್ಲಿ ಆರಂಭವಾದ ಆರ್34 ಮಾದರಿಗೆ 2024ರಲ್ಲಿ. ಬಾಗಿಲು ತೆರೆದೊಡನೆ ಬೆಲೆ ಏರಿತು. ಬೆಲೆ ಏರಿದೊಡನೆ ಬಣ್ಣ ಬಳಿಯುವವರ ಕೈಗೆ ಕೆಲಸ ಬಂದಿತು. ಭಾರತದಲ್ಲಿ ಸಾಮಾನ್ಯ ನಿಯಮದಂತೆ ಮೂರು ವರ್ಷಕ್ಕಿಂತ ಹಳೆಯದಾದ ಬಳಸಿದ ಕಾರನ್ನು ಆಮದು ಮಾಡಿಕೊಳ್ಳುವಂತಿಲ್ಲ, ಸುಂಕವೂ ಭಾರಿ. ಆದ್ದರಿಂದ ಇಂತಹ ಕಾರುಗಳು ಇಲ್ಲಿನ ರಸ್ತೆಗಳಲ್ಲಿ ಕಾಣುವುದು ವಿರಳ. ಆದರೂ ಈ ವ್ಯಾಪಾರದಲ್ಲಿ ಎದ್ದಿರುವ ಪ್ರಶ್ನೆ ಯಾವುದೇ ಮಾಲನ್ನು ತಿದ್ದಿ ತೀಡಿ ಮಾರುವ ಎಲ್ಲರಿಗೂ ಅನ್ವಯಿಸುವಂಥದ್ದು.

ಪ್ರಶ್ನೆ ಹೀಗಿದೆ. 3.5 ದರ್ಜೆಯ ಕಾರು ಹಡಗಿನಿಂದಿಳಿದು ವರ್ತಕನ ಅಂಗಳಕ್ಕೆ ಬರುತ್ತದೆ. ಪತ್ರದಲ್ಲಿ ಬಾನೆಟ್ಟಿನ ಮೇಲೆ ಬಣ್ಣ ಮಾಸಿರುವುದು, ಬಂಪರಿನ ಮೇಲೆ ಎರಡು ಗೀರು, ಹಿಂಬದಿಯ ಚಕ್ರದ ಮೇಲಿನ ಕಮಾನಿನಲ್ಲಿ ತುಕ್ಕಿನ ಸಣ್ಣ ಗುರುತು ಎಲ್ಲವೂ ನಮೂದಾಗಿವೆ. ವರ್ತಕನು ಇಡೀ ಕಾರಿಗೆ ಹೊಸ ಬಣ್ಣ ಹೊಡೆಸಿ, ಹರಾಜು ಪತ್ರವನ್ನು ಕಪಾಟಿನಲ್ಲಿಟ್ಟು, ಕನ್ನಡಿಯಂತೆ ಹೊಳೆಯುವ ಕಾರನ್ನು ಮಾರಬೇಕೆ? ಅಥವಾ ತಿದ್ದಬೇಕಾದ್ದನ್ನಷ್ಟೇ ತಿದ್ದಿ, ಪತ್ರವನ್ನೂ ದುರಸ್ತಿಯ ಬಿಲ್ಲನ್ನೂ ಕೀಲಿಕೈಯೊಡನೆ ಗಿರಾಕಿಯ ಕೈಗೆ ಕೊಡಬೇಕೆ? ಅನೇಕರು ಮೊದಲಿನದನ್ನೇ ಜಾಣತನವೆಂದು ತಿಳಿದಿದ್ದಾರೆ. ಲೆಕ್ಕ ಹಾಕಿ ನೋಡಿದರೆ ಎರಡನೆಯದೇ ಲಾಭದಾಯಕವೆಂಬುದನ್ನು ಈ ವ್ಯಾಪಾರದ ಒಳಹೊರಗನ್ನು ಬಲ್ಲವರು ಒಪ್ಪದಿರಲಾರರು.

ಮೈಯ ದೋಷ, ಮೂಳೆಯ ದೋಷ

ಮೊದಲಿಗೆ ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳುವುದು ಅವಶ್ಯ. ಜಪಾನಿನಲ್ಲಿ ದುರಸ್ತಿಯ ಇತಿಹಾಸವುಳ್ಳ ಕಾರು ಎಂಬ ಮಾತಿಗೆ ನಿಶ್ಚಿತ ಅರ್ಥವಿದೆ. ಚೌಕಟ್ಟಿನ ತೊಲೆಗಳು, ಕಂಬಗಳು, ಛಾವಣಿ, ನೆಲಹಾಸಿನ ತಗಡು, ಇಂಜಿನ್ನಿಗೂ ಪ್ರಯಾಣಿಕರ ಕೋಣೆಗೂ ನಡುವಿನ ಗೋಡೆ ಮುಂತಾದ ಒಡಲಿನ ಭಾಗಗಳು ಪೆಟ್ಟು ತಿಂದು ಸರಿಪಡಿಸಲ್ಪಟ್ಟಿದ್ದರೆ ಅಥವಾ ಬದಲಾಗಿದ್ದರೆ ಮಾತ್ರ ಆ ಹಣೆಪಟ್ಟಿ. ಬೋಲ್ಟು ಬಿಚ್ಚಿ ತೆಗೆಯಬಹುದಾದ ಬಾನೆಟ್, ಮುಂದಿನ ಫೆಂಡರ್, ಬಾಗಿಲುಗಳನ್ನು ಬದಲಾಯಿಸಿದ ಮಾತ್ರಕ್ಕೆ ಕಾರು ಆ ವರ್ಗಕ್ಕೆ ಸೇರುವುದಿಲ್ಲ. ಈ ಅಂಶ ತಿಳಿಯದ ಹೊರದೇಶದ ಗಿರಾಕಿಯು ಎರಡು ಎಕ್ಸ್ ಕಂಡೊಡನೆ ಅಪಘಾತದ ಕಾರೆಂದು ಬೆಚ್ಚುತ್ತಾನೆ; ತಿಳಿದ ವರ್ತಕನು ಅದನ್ನು ವಿವರಿಸುವ ಬದಲು ಪತ್ರವನ್ನೇ ಮರೆಮಾಡುತ್ತಾನೆ. ವಿವರಿಸುವ ಶ್ರಮಕ್ಕೆ ಅಂಜಿ ಮುಚ್ಚಿಡುವ ಅಪಾಯವನ್ನು ತಲೆಯ ಮೇಲೆಳೆದುಕೊಳ್ಳುವುದು ವಿಚಿತ್ರವೇ ಸರಿ.

ನ್ಯೂಜಿಲೆಂಡ್ ಈ ವಿಷಯದಲ್ಲಿ ಹೆಚ್ಚು ಅನುಭವ ಪಡೆದ ದೇಶ. 1980ರ ದಶಕದ ಕೊನೆಯಿಂದಲೇ ಅಲ್ಲಿಗೆ ಜಪಾನಿನ ಹಳೆಯ ಕಾರುಗಳು ಧಾರಾಳವಾಗಿ ಬರತೊಡಗಿದವು. ದೇಶದೊಳಗೆ ಬರುವಾಗಲೇ ಕಾರನ್ನು ಪರಿಶೀಲಿಸಿ, ಒಡಲಿನ ಹಾನಿ ಅಥವಾ ತುಕ್ಕು ಕಂಡುಬಂದರೆ ಅದನ್ನು ದಾಖಲೆಗೆ ಸೇರಿಸಲಾಗುತ್ತದೆ. ಅಂತಹ ಕಾರು ಪರಿಣತ ದುರಸ್ತಿ ಪ್ರಮಾಣಕರ ಸಹಿಯಿಲ್ಲದೆ ರಸ್ತೆಗಿಳಿಯುವಂತಿಲ್ಲ. ಗೀರು, ಮಾಸಲು ಬಣ್ಣಗಳ ವಿಷಯದಲ್ಲಿ ಸರ್ಕಾರ ತಲೆಹಾಕುವುದಿಲ್ಲ. ಅದು ಕೊಳ್ಳುವವನಿಗೂ ಮಾರುವವನಿಗೂ ಬಿಟ್ಟ ವಿಚಾರ. ಮೂಳೆಗೆ ಕಾನೂನು, ಮೈಗೆ ನಂಬಿಕೆ ಎಂಬ ಈ ವಿಂಗಡಣೆ ವಿವೇಕಯುತವಾದುದು. ತುಕ್ಕು ಮಾತ್ರ ಎರಡೂ ಕಡೆ ಸಲ್ಲುವಂಥದು. ಹೊಕ್ಕೈದೊ ಮುಂತಾದ ಹಿಮ ಬೀಳುವ ಪ್ರದೇಶಗಳಲ್ಲಿ ಓಡಿದ ಕಾರು ಮೇಲೆ ಥಳಥಳಿಸುತ್ತಿದ್ದರೂ ಅಡಿಯಲ್ಲಿ ಉಪ್ಪು ತಿಂದಿರಬಹುದು. ಬಣ್ಣದಡಿ ಉಬ್ಬಿದ ಗುಳ್ಳೆಯನ್ನು ಉಜ್ಜಿ ಪುಟ್ಟಿ ತುಂಬಿ ಬಣ್ಣ ಬಳಿದರೆ ಅದು ಅಲಂಕಾರದ ಕೆಲಸವಲ್ಲ, ಮೋಸದ ಕೆಲಸ. ಆ ತಗಡನ್ನು ಕತ್ತರಿಸಿ ಹೊಸ ತಗಡು ಬೆಸೆಯುವುದೊಂದೇ ಸರಿಯಾದ ದಾರಿ.

ಬಣ್ಣದ ಕೆಲಸದ ಒಳಗುಟ್ಟು

ಈ ಕಾರುಗಳ ಮೇಲ್ಮೈಯನ್ನು ತಿದ್ದುವುದು ಸಾಮಾನ್ಯ ಗ್ಯಾರೇಜಿನ ಟಿಂಕರಿಂಗ್ ಕೆಲಸಕ್ಕಿಂತ ಹೇಗೆ ಭಿನ್ನ ಎಂಬುದನ್ನು ತಯಾರಕ ಬಂಧುಗಳು ಆಸಕ್ತಿಯಿಂದ ಗಮನಿಸಬಹುದು. ಕಾರ್ಖಾನೆಯಿಂದ ಬಂದ ಬಣ್ಣದ ಒಟ್ಟು ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಅದರಲ್ಲಿ ಮೇಲಿನ ಪಾರದರ್ಶಕ ಲೇಪ, ಅಂದರೆ ಕ್ಲಿಯರ್ ಕೋಟ್, ಸುಮಾರು 40ರಿಂದ 50 ಮೈಕ್ರಾನ್. ತಲೆಗೂದಲೊಂದರ ದಪ್ಪಕ್ಕಿಂತ ಕಡಿಮೆ. ಸೂರ್ಯನ ಕಿರಣದಿಂದ ಒಳಗಿನ ಬಣ್ಣವನ್ನು ಕಾಪಾಡುವುದು ಈ ತೆಳುಪೊರೆಯೇ. ಪ್ರತಿ ಸಲ ಯಂತ್ರದಿಂದ ಪಾಲಿಶ್ ಮಾಡಿದಾಗ ಇದರಲ್ಲಿ ಕೆಲವು ಮೈಕ್ರಾನ್ ಸವೆಯುತ್ತದೆ. ಮೂವತ್ತು ವರ್ಷಗಳಲ್ಲಿ ನಾಲ್ವರು ಮಾಲೀಕರು ಆಗಾಗ ಹೊಳಪು ಕೊಡಿಸಿದ್ದರೆ ಉಳಿದಿರುವುದು ಎಷ್ಟು ಎಂಬುದು ಅಳೆಯದೆ ತಿಳಿಯದು. ಆದಕಾರಣ ಬಲ್ಲ ಕುಶಲಕರ್ಮಿಯು ಮೊದಲು ಕೈಗೆತ್ತಿಕೊಳ್ಳುವುದು ಪಾಲಿಶ್ ಯಂತ್ರವನ್ನಲ್ಲ, ದಪ್ಪ ಅಳೆಯುವ ಮಾಪಕವನ್ನು. ಪ್ರತಿ ತಗಡಿನ ಐದಾರು ಕಡೆ ಅಳೆದು ಬರೆದಿಟ್ಟುಕೊಂಡ ನಂತರವೇ ಮುಂದಿನ ಮಾತು.

ಉಗುರಿನಿಂದ ಸವರಿದಾಗ ತಡೆಯದ ಗೀರು ಪಾರದರ್ಶಕ ಪೊರೆಯಲ್ಲೇ ಇರುವಂಥದು. 2000 ಅಥವಾ 3000 ಸಂಖ್ಯೆಯ ವಾಟರ್ ಪೇಪರಿನಿಂದ ಹಗುರಾಗಿ ಉಜ್ಜಿ ಹೊಳಪು ಕೊಟ್ಟರೆ ಮಾಯವಾಗುತ್ತದೆ. ಉಗುರು ಸಿಕ್ಕಿಕೊಂಡರೆ ಗೀರು ಆಳಕ್ಕಿಳಿದಿದೆಯೆಂದು ಅರ್ಥ. ಅಲ್ಲಿ ಸೂಕ್ಷ್ಮ ಕುಂಚದಿಂದ ಬಣ್ಣ ತುಂಬಬೇಕು. ಸಣ್ಣ ಕಲ್ಲೇಟಿನ ಚುಕ್ಕೆಗಳಿಗೂ ಇದೇ ಮದ್ದು. ಇವೆರಡರ ಆಚೆಗಿರುವುದು ಹಳೆಯ ಕಾರುಗಳ ನಿಜವಾದ ವ್ಯಾಧಿ: ಪಾರದರ್ಶಕ ಪೊರೆ ಸಿಪ್ಪೆಯಂತೆ ಸುಲಿದು ಬರುವುದು. ಬಿಸಿಲು ನೇರವಾಗಿ ಬೀಳುವ ಬಾನೆಟ್, ಛಾವಣಿ, ಡಿಕ್ಕಿಯ ಮುಚ್ಚಳಗಳಲ್ಲಿ ಇದು ಮೊದಲು ಕಾಣಿಸಿಕೊಳ್ಳುತ್ತದೆ. ಸುಲಿದ ಜಾಗಕ್ಕೆ ಪಾಲಿಶ್ ಉಪಯೋಗವಿಲ್ಲ. ಸುಲಿದಲ್ಲಿಗಷ್ಟೇ ಹೊಸ ಲೇಪ ಹಾಕಿದರೆ ಹಳೆಯ ಪೊರೆಯ ಅಂಚಿನಲ್ಲಿ ಅದು ಮತ್ತೆ ಏಳುತ್ತದೆ. ಆ ಇಡೀ ತಗಡಿಗೆ ಹೊಸದಾಗಿ ಬಣ್ಣ ಹಾಕದೆ ಬೇರೆ ದಾರಿಯಿಲ್ಲ. ಆದರೆ ಒಂದು ತಗಡಿಗೆ ಬಣ್ಣ ಬೇಕಾದೀತೆಂದು ಹನ್ನೊಂದು ತಗಡಿಗೂ ಬಳಿಯುವುದರಲ್ಲಿ ಎಲ್ಲಿಯ ನ್ಯಾಯ?

ಆರ್32 ಜಿಟಿ-ಆರ್‌ನಲ್ಲಿ ಇನ್ನೊಂದು ತೊಡಕಿದೆ. ಮುಂಭಾಗದ ತೂಕ ತಗ್ಗಿಸಲೆಂದು ನಿಸಾನ್ ಸಂಸ್ಥೆಯು ಅದರ ಬಾನೆಟ್ ಮತ್ತು ಮುಂದಿನ ಫೆಂಡರುಗಳನ್ನು ಅಲ್ಯೂಮಿನಿಯಂನಲ್ಲಿ ಮಾಡಿತು. ಆಯಸ್ಕಾಂತ ಹಿಡಿದು ಪುಟ್ಟಿ ಹುಡುಕುವ ಹಳೆಯ ಅಭ್ಯಾಸದವರು ಇಲ್ಲಿ ಆಯಸ್ಕಾಂತ ಅಂಟದ್ದನ್ನು ಕಂಡು ಕಾರು ಪೂರ್ತಿ ಪುಟ್ಟಿಮಯವೆಂದು ಹೌಹಾರಿದರೆ ಆಶ್ಚರ್ಯವಿಲ್ಲ. ವಾಸ್ತವದಲ್ಲಿ ಆ ಫೆಂಡರಿಗೆ ಆಯಸ್ಕಾಂತ ಅಂಟಿಕೊಂಡರೇ ಅನುಮಾನಿಸಬೇಕು. ಅಲ್ಯೂಮಿನಿಯಂ ತಗಡನ್ನು ಬಡಿದಂತೆಲ್ಲ ಅದು ಬಿರುಸಾಗಿ ಬಿರುಕು ಬಿಡುವ ಸ್ವಭಾವದ್ದು. ಉಕ್ಕಿಗೆ ಬಳಸಿದ ಉಪಕರಣಗಳನ್ನೇ ಇದಕ್ಕೂ ಬಳಸಿದರೆ ಉಕ್ಕಿನ ಪುಡಿ ಮೈಗೆ ಹತ್ತಿ ಮುಂದೆ ಸವಕಳಿಗೆ ಕಾರಣವಾಗುತ್ತದೆ. ಪ್ರೈಮರ್ ಕೂಡ ಬೇರೆ. ದಪ್ಪ ಅಳೆಯುವ ಮಾಪಕವೂ ಅಲ್ಯೂಮಿನಿಯಂಗೆ ಹೊಂದುವಂಥದ್ದೇ ಆಗಬೇಕು. ಪೂರ್ಣ ಅಲ್ಯೂಮಿನಿಯಂ ಒಡಲಿನ ಎನ್‌ಎಸ್‌ಎಕ್ಸ್‌ನ ವಿಚಾರದಲ್ಲಂತೂ ಪ್ರತ್ಯೇಕ ಕೊಠಡಿಯಲ್ಲೇ ಕೆಲಸ ಮಾಡುವ ಕುಶಲಕರ್ಮಿಗಳಿದ್ದಾರೆ. ಇಷ್ಟೆಲ್ಲ ಎಚ್ಚರಿಕೆಯಿಂದ ಮಾಡಿದ ಕೆಲಸವನ್ನು ಬಿಲ್ಲಿನಲ್ಲಿ ಬರೆದು ತೋರಿಸಲು ಹಿಂಜರಿಯುವ ಕಾರಣವೇನಿದೆ? ಮರೆಮಾಡಲು ಬಯಸುವವನು ಸಾಮಾನ್ಯವಾಗಿ ಇಷ್ಟು ಎಚ್ಚರಿಕೆ ವಹಿಸಿರುವುದಿಲ್ಲ.

ಬಣ್ಣದ ಹೊಂದಾಣಿಕೆಯ ಕಷ್ಟ ಇನ್ನೊಂದು ಬಗೆಯದು. ಆರ್34 ಮಾದರಿಯಲ್ಲಿ 1999ರಲ್ಲಿ ಮಿಡ್‌ನೈಟ್ ಪರ್ಪಲ್ 2, 2000ದಲ್ಲಿ ಮಿಡ್‌ನೈಟ್ ಪರ್ಪಲ್ 3 ಎಂಬ ಬಣ್ಣಗಳನ್ನು ನಿಸಾನ್ ಸೀಮಿತ ಸಂಖ್ಯೆಯಲ್ಲಿ ಹೊರತಂದಿತು. ನೋಡುವ ಕೋನ ಬದಲಾದಂತೆ ಬಣ್ಣವೂ ನೇರಳೆಯಿಂದ ಬೇರೊಂದಕ್ಕೆ ಜಾರುವುದು ಇವುಗಳ ವೈಶಿಷ್ಟ್ಯ. ನೇಕಾರರು ಹೊಕ್ಕಿಗೊಂದು ಹಾಸಿಗೊಂದು ಬಣ್ಣವಿಟ್ಟು ನೇಯುವ ಮಿಂಚುಬಣ್ಣದ ಸೆರಗಿನಂತೆ. ಇಂತಹ ಕಾರಿನ ಬಾಗಿಲಿನ ಮೇಲೊಂದು ಗೀರಾದರೆ ಆ ಬಾಗಿಲಿಗಷ್ಟೇ ಬಣ್ಣ ಹೊಡೆದು ಪಕ್ಕದ ತಗಡಿಗೆ ಹೊಂದಿಸುವುದು ನುರಿತ ಕೈಗೂ ದುಸ್ತರ. ಲೇಪಗಳ ಸಂಖ್ಯೆ, ಸಿಂಪಡಿಸುವ ಒತ್ತಡ, ಕೈಯ ವೇಗ ಎಲ್ಲವೂ ಒಂದಾಗಬೇಕು. ಹೀಗಿರುವಲ್ಲಿ ಗೀರನ್ನು ಗೀರಾಗಿಯೇ ಬಿಟ್ಟು, ಮೂಲ ಬಣ್ಣ ಉಳಿದಿದೆಯೆಂದು ಹೇಳಿ ಮಾರುವುದೇ ಲೇಸು. ಸಂಗ್ರಾಹಕನು ಹಣ ತೆರುವುದು ಆ ಮೂಲ ಬಣ್ಣಕ್ಕೇ ಹೊರತು ಅದನ್ನು ಹೋಲುವ ಇನ್ನೊಂದಕ್ಕಲ್ಲ.

ಇಲ್ಲಿ ಪ್ರಾಸಂಗಿಕವಾಗಿ ಕಾರ್ಮಿಕರ ಮಾತನ್ನೂ ಹೇಳಬೇಕಾಗುತ್ತದೆ. ಗಟ್ಟಿಕಾರಕ ಬೆರೆಸುವ ಇಂದಿನ ಪಾರದರ್ಶಕ ಲೇಪಗಳಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕವಿರುತ್ತದೆ. ಸಿಂಪಡಿಸುವಾಗ ಅದನ್ನು ಉಸಿರಾಡಿದವರಿಗೆ ಉಬ್ಬಸ ರೋಗ ಅಂಟಿಕೊಳ್ಳಬಹುದು. ಒಮ್ಮೆ ಅಂಟಿದರೆ ಆ ಕಸುಬಿಗೇ ಶರಣು ಹೇಳಬೇಕಾದೀತು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಬಣ್ಣ ಸಿಂಪಡಿಸುವ ದೃಶ್ಯ ಬೆಂಗಳೂರು, ಹುಬ್ಬಳ್ಳಿಗಳ ಗ್ಯಾರೇಜುಗಳಲ್ಲಿ ಇಂದಿಗೂ ಅಪರೂಪವಲ್ಲ. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಿಂದ ಪೂರೈಸುವ ಮುಖವಾಡ ದುಬಾರಿಯೆನಿಸಬಹುದು. ನುರಿತ ಪೇಂಟರ್ ಒಬ್ಬನನ್ನು ಕಳೆದುಕೊಳ್ಳುವುದು ಅದಕ್ಕಿಂತ ದುಬಾರಿ.

ಚಕ್ರಗಳ ವಿಷಯದಲ್ಲಿಯೂ ಅಂದಕ್ಕೂ ಬಲಕ್ಕೂ ಇರುವ ಸಂಬಂಧ ಮರೆಯಬಾರದು. ಕಾಲುದಾರಿಯ ಅಂಚಿಗೆ ಉಜ್ಜಿ ಗಾಯಗೊಂಡ ಅಲಾಯ್ ಚಕ್ರಕ್ಕೆ ಪುಡಿ ಲೇಪ ಹಾಕಿ ಸುಮಾರು 200 ಡಿಗ್ರಿ ಉಷ್ಣದಲ್ಲಿ ಬೇಯಿಸುವ ಪರಿಪಾಠವಿದೆ. ಉಷ್ಣ ಸಂಸ್ಕಾರದಿಂದ ಬಲ ಪಡೆದ ಮಿಶ್ರಲೋಹಕ್ಕೆ ಮತ್ತೆ ಮತ್ತೆ ಇಂತಹ ತಾಪ ಕೊಟ್ಟರೆ ಆ ಬಲ ಕುಂದಬಹುದು. ಹೊರನೋಟಕ್ಕೆ ಹೊಸದಾದ ಚಕ್ರ ಎಷ್ಟು ಸಲ ಒಲೆ ಕಂಡಿದೆ ಎಂಬುದು ಕಾಗದದಲ್ಲಿಲ್ಲದಿದ್ದರೆ ಮುಂದಿನ ಮಾಲೀಕನಿಗೆ ತಿಳಿಯುವುದೆಂತು?

ಬಿಡಿಭಾಗಗಳ ಮಾರುಕಟ್ಟೆ

ಮೂವತ್ತು ವರ್ಷ ಹಳೆಯ ಕಾರಿನ ಅಂದ ಕೆಡಿಸುವುದು ಬಣ್ಣವೊಂದೇ ಅಲ್ಲ. ಕಿಟಕಿಯ ರಬ್ಬರು ಒಣಗಿ ಸೀಳುತ್ತದೆ, ದೀಪದ ಪಾಲಿಕಾರ್ಬೊನೇಟ್ ಮುಚ್ಚಳ ಹಳದಿಗಟ್ಟುತ್ತದೆ, ಬಿಸಿಲಿಗೆ ಡ್ಯಾಶ್‌ಬೋರ್ಡಿನ ಹೊದಿಕೆ ಗುಳ್ಳೆ ಏಳುತ್ತದೆ. ಈ ಕೊನೆಯ ದೋಷಕ್ಕೆ ಆರ್32 ಮಾದರಿ ಕುಖ್ಯಾತ. ತಯಾರಕರು ಇಂತಹ ಭಾಗಗಳನ್ನು ಮಾಡುವುದನ್ನು ಬಹು ಹಿಂದೆಯೇ ನಿಲ್ಲಿಸಿದ್ದರು. ಬೇಡಿಕೆ ಮರಳಿ ಬಂದುದನ್ನು ಕಂಡು 2017ರ ಡಿಸೆಂಬರಿನಲ್ಲಿ ನಿಸಾನ್ ಬಳಗವು ನಿಸ್ಮೊ ಹೆರಿಟೇಜ್ ಹೆಸರಿನಲ್ಲಿ ಆರ್32 ಜಿಟಿ-ಆರ್‌ನ ಆಯ್ದ ಭಾಗಗಳನ್ನು ಪುನಃ ತಯಾರಿಸಿ ಮಾರತೊಡಗಿತು. ಅದೇ ವರ್ಷ ಮಜ್ದಾ ತನ್ನ ಮೊದಲ ತಲೆಮಾರಿನ ರೋಡ್‌ಸ್ಟರ್ ಕಾರುಗಳ ಪುನರುಜ್ಜೀವನ ಸೇವೆಯನ್ನು ಪ್ರಕಟಿಸಿತು. 2019ರಲ್ಲಿ ಟೊಯೊಟಾ ಹಳೆಯ ಸುಪ್ರಾ ಭಾಗಗಳನ್ನು ಮತ್ತೆ ಮಾಡುವುದಾಗಿ ಘೋಷಿಸಿತು. ಇವೆಲ್ಲಕ್ಕಿಂತ ಮೊದಲೇ, 1993ರಲ್ಲಿ, ಹೋಂಡಾ ಎನ್‌ಎಸ್‌ಎಕ್ಸ್ ಮಾಲೀಕರಿಗಾಗಿ ಕಾರನ್ನು ಹೊಸದರ ಸ್ಥಿತಿಗೆ ತರುವ ನವೀಕರಣ ಯೋಜನೆಯೊಂದನ್ನು ಆರಂಭಿಸಿತ್ತು. ಹೊಸ ಕಾರು ಮಾರಾಟದಲ್ಲಿರುವಾಗಲೇ ಅದರ ಮುಪ್ಪಿನ ಚಿಂತೆ ಮಾಡಿದ ದೂರದೃಷ್ಟಿ ಅದು.

ಕಂಪನಿಗಳು ಮಾಡದೆ ಬಿಟ್ಟ ಭಾಗಗಳನ್ನು ಸಣ್ಣ ಕಾರ್ಖಾನೆಗಳು ಮಾಡಿ ಮಾರುತ್ತವೆ. ರಬ್ಬರು ಪಟ್ಟಿ, ಪ್ಲಾಸ್ಟಿಕ್ ಕ್ಲಿಪ್ಪು, ಲಾಂಛನ, ಆಸನದ ಬಟ್ಟೆ ಮೊದಲಾದವುಗಳಿಗೆ ದೊಡ್ಡ ಅಚ್ಚಿನ ವೆಚ್ಚವಾಗಲಿ ಸಾವಿರಗಟ್ಟಲೆ ಸಂಖ್ಯೆಯ ಬೇಡಿಕೆಯಾಗಲಿ ಬೇಕಿಲ್ಲ. ನೂರಿನ್ನೂರು ಮಾಡಿದರೂ ಗಿರಾಕಿಗಳುಂಟು. ಸಣ್ಣ ತಯಾರಕರಿಗೆ ಹೇಳಿ ಮಾಡಿಸಿದ ಕ್ಷೇತ್ರವಿದು. ಆದರೆ ಇಲ್ಲಿಯೂ ಅದೇ ಪ್ರಶ್ನೆ ಎದುರಾಗುತ್ತದೆ. ಮೂಲ ಕಂಪನಿಯ ಗುರುತನ್ನು ನಕಲು ಮಾಡಿ ಮೂಲಭಾಗವೆಂದು ಮಾರುವವರೊಂದು ಕಡೆ. ತಮ್ಮ ಹೆಸರನ್ನೇ ಹಿಂಬದಿಯಲ್ಲಿ ಅಚ್ಚೊತ್ತಿ, ಮೂಲದ ಅಳತೆಗೆ ಸರಿಯಾಗಿ ಮಾಡಿದ ಬದಲಿ ಭಾಗವೆಂದು ಹೇಳಿ ಮಾರುವವರು ಇನ್ನೊಂದು ಕಡೆ. ಮೊದಲಿನವರ ಮಾಲು ಒಮ್ಮೆ ಸಿಕ್ಕಿಬಿದ್ದರೆ ಮುಗಿಯಿತು. ಎರಡನೆಯವರ ಹೆಸರೇ ಕಾಲಕ್ರಮದಲ್ಲಿ ಒಂದು ಗುರುತಾಗಿ ನಿಲ್ಲುತ್ತದೆ, ಗಿರಾಕಿ ಅದನ್ನು ಕೇಳಿ ಕೊಳ್ಳುತ್ತಾನೆ.

ಜಪಾನಿನಲ್ಲೂ ನಡೆದದ್ದು

ಇಷ್ಟನ್ನೋದಿದವರಿಗೆ ಜಪಾನೀಯರೆಲ್ಲ ಸತ್ಯಹರಿಶ್ಚಂದ್ರರೆಂಬ ಭಾವನೆ ಬಂದಿದ್ದರೆ ಅದು ತಪ್ಪು. ಆ ದೇಶದ ಅತಿ ದೊಡ್ಡ ಬಳಸಿದ ಕಾರು ಮಾರಾಟ ಸಂಸ್ಥೆಗಳಲ್ಲೊಂದಾದ ಬಿಗ್‌ಮೋಟರ್‌ನ ಪ್ರಕರಣ 2023ರ ಜುಲೈನಲ್ಲಿ ಇಡೀ ದೇಶವನ್ನು ತಲೆತಗ್ಗಿಸುವಂತೆ ಮಾಡಿತು. ದುರಸ್ತಿಗೆ ಬಂದ ಗಿರಾಕಿಗಳ ಕಾರುಗಳ ಮೇಲೆ ಸಂಸ್ಥೆಯ ಸಿಬ್ಬಂದಿಯೇ ಹೊಸ ಹಾನಿ ಮಾಡಿ ವಿಮಾ ಕಂಪನಿಗಳಿಂದ ಹೆಚ್ಚು ಹಣ ಪಡೆಯುತ್ತಿದ್ದುದು ಹೊರಗಿನ ವಕೀಲರ ತನಿಖೆಯಿಂದ ಬಯಲಾಯಿತು. ಕಾಲುಚೀಲದಲ್ಲಿ ಗಾಲ್ಫ್ ಚೆಂಡು ಹಾಕಿ ಬೀಸಿ ಹೊಡೆದು ತಗ್ಗು ಮಾಡುವುದು, ಮೊನಚು ಉಪಕರಣದಿಂದ ಗೀರು ಎಳೆಯುವುದು ಅವರ ವಿಧಾನಗಳು. ಒಂದೊಂದು ಕಾರಿನಿಂದ ಇಷ್ಟು ಲಾಭ ಬರಲೇಬೇಕೆಂಬ ಒತ್ತಡ ಮೇಲಿನಿಂದ ಇತ್ತು. ಸಂಸ್ಥೆಯ ಅಧ್ಯಕ್ಷರು ರಾಜೀನಾಮೆ ನೀಡಿದರು. ವ್ಯವಹಾರದಲ್ಲಿ ಸಿಲುಕಿದ್ದ ಸೊಂಪೊ ಜಪಾನ್ ವಿಮಾ ಕಂಪನಿಗೆ 2024ರ ಜನವರಿಯಲ್ಲಿ ಅಲ್ಲಿನ ಹಣಕಾಸು ನಿಯಂತ್ರಣ ಸಂಸ್ಥೆಯಿಂದ ಸುಧಾರಣಾ ಆದೇಶ ಬಂದಿತು. ಬಿಗ್‌ಮೋಟರ್‌ನ ವ್ಯಾಪಾರ ಅದೇ ವರ್ಷ ಇತೊಚು ನೇತೃತ್ವದ ಹೊಸ ಸಂಸ್ಥೆಯ ಕೈ ಸೇರಿತು.

ಹರಾಜು ಕಟ್ಟೆಯಲ್ಲಿ ದೋಷವನ್ನು ಬರೆಯುವವನಿಗೆ ಅದನ್ನು ಸರಿಪಡಿಸುವುದರಿಂದ ಬರುವ ಲಾಭವಿಲ್ಲ. ಬಿಗ್‌ಮೋಟರ್‌ನ ಗ್ಯಾರೇಜಿನಲ್ಲಿ ದೋಷವನ್ನು ಕಂಡುಹಿಡಿಯುವವನೂ ತಿದ್ದುವವನೂ ಹಣ ಪಡೆಯುವವನೂ ಒಬ್ಬನೇ ಆಗಿದ್ದ. ಎರಡೂ ಒಂದೇ ದೇಶದ, ಒಂದೇ ವ್ಯಾಪಾರದ ಜನರಿಂದಲೇ ಆದ ಕೆಲಸ. ಜನಾಂಗದ ಗುಣವೆಂದು ಹೊಗಳುವವರೂ ತೆಗಳುವವರೂ ಈ ಅಂಶವನ್ನು ಗಮನಿಸಬೇಕು. ವ್ಯವಸ್ಥೆ ಹೇಗೆ ಕಟ್ಟಲ್ಪಟ್ಟಿದೆಯೋ ಹಾಗೆ ನಡೆಯುತ್ತಾರೆ ಜನ.

ಹರಾಜು ಪತ್ರವೂ ದೋಷಮುಕ್ತವಲ್ಲ. ಒಂದು ಕಾರಿಗೆ ಪರಿವೀಕ್ಷಕನು ಕೊಡಬಲ್ಲ ಸಮಯ ಸ್ವಲ್ಪವೇ. ಕಾರಿನ ಅಡಿಯ ತುಕ್ಕು ತಪ್ಪಿಹೋಗಬಹುದು, ಚೆನ್ನಾಗಿ ಮಾಡಿದ ಹಳೆಯ ದುರಸ್ತಿ ಕಣ್ಣಿಗೆ ಬೀಳದಿರಬಹುದು. ಒಂದು ಸಂಸ್ಥೆಯ 4 ಇನ್ನೊಂದರ 4ಕ್ಕೆ ಸಮವೆಂದು ಹೇಳಲಾಗದು. ಕೈಬರಹದ ಜಪಾನಿ ಟಿಪ್ಪಣಿಗಳು ಅನುವಾದದಲ್ಲಿ ಸೊರಗುತ್ತವೆ. ಪತ್ರ ತೋರಿಸಿಯೂ ದೋಷವನ್ನು ಮರೆಮಾಡುವ ವರ್ತಕನಿಗೆ ಇದು ಅನುಕೂಲದ ಸಂಗತಿ. ಹೀಗಿದ್ದರೂ, ಅಪೂರ್ಣವಾದ ದಾಖಲೆ ದಾಖಲೆಯೇ ಇಲ್ಲದಿರುವುದಕ್ಕಿಂತ ಮೇಲು. ಅದರ ಕೊರತೆ ತುಂಬಬೇಕಾದವನು ಕಾರನ್ನು ಮುಟ್ಟಿ ತಿದ್ದಿದ ಗ್ಯಾರೇಜಿನವನು. ಪರಿವೀಕ್ಷಕನಿಗೆ ಕಾಣದ್ದು ಆತನಿಗೆ ಕಂಡೇ ಕಾಣುತ್ತದೆ.

ಮಾರುವವರ ಆಕ್ಷೇಪ

ದೋಷಗಳ ಪಟ್ಟಿ ಕೊಟ್ಟರೆ ಗಿರಾಕಿ ಬೆಲೆ ಇಳಿಸುತ್ತಾನೆ, ಹೊಳೆಯುವ ಕಾರನ್ನಿಟ್ಟ ಪಕ್ಕದ ಅಂಗಡಿಗೆ ಹೋಗುತ್ತಾನೆ ಎಂಬುದು ವರ್ತಕರ ಸಾಮಾನ್ಯ ಆಕ್ಷೇಪ. ಇದರಲ್ಲಿ ತಿರುಳಿಲ್ಲವೆಂದು ತಳ್ಳಿಹಾಕಲಾಗದು. ಮೊದಲ ಸಲ ಕೊಳ್ಳುವವನು ಹೊಳಪಿಗೆ ಮರುಳಾಗುವುದು ಲೋಕಸ್ವಭಾವ. ಅಲ್ಪ ಬೆಲೆಯ ಸಾಮಾನ್ಯ ಕಾರಿನ ವಿಷಯದಲ್ಲಿ ಈ ವಾದ ಸಲ್ಲಲೂಬಹುದು. ಅಂತಹ ಕಾರಿಗೆ ಮೂಲ ಬಣ್ಣದ ಹಂಗಿಲ್ಲ. ಆದರೆ ಸಂಗ್ರಾಹಕರ ಕಾರನ್ನು ಕೊಳ್ಳುವವನು ಕೆಲವೇ ವರ್ಷಗಳಲ್ಲಿ ಅದನ್ನು ಮಾರುವವನೂ ಆಗುತ್ತಾನೆ. ಆಗ ಎದುರಿಗೆ ನಿಲ್ಲುವ ಗಿರಾಕಿಯ ಕೈಯಲ್ಲಿ ಮಾಪಕವಿರುತ್ತದೆ. ಕೆಲವು ಸಾವಿರ ರೂಪಾಯಿಗೆ ದೊರೆಯುವ ಆ ಪುಟ್ಟ ಉಪಕರಣ ಬಾಗಿಲಿನ ಮೇಲೆ 120ರ ಬದಲು 280 ಎಂದು ತೋರಿಸಿದೊಡನೆ ಮಾತುಕತೆಯ ಧಾಟಿಯೇ ಬದಲಾಗುತ್ತದೆ. ಹಳೆಯ ಹರಾಜು ಪತ್ರವನ್ನು ಚಾಸಿ ಸಂಖ್ಯೆಯ ಮೇಲಿಂದ ಹುಡುಕಿಕೊಡುವ ಸೇವೆಗಳೂ ಇವೆ. ಕಪಾಟಿನಲ್ಲಿ ಬಚ್ಚಿಟ್ಟ ಕಾಗದದ ಇನ್ನೊಂದು ಪ್ರತಿ ಹೀಗೆ ಹೊರಬಂದಾಗ, ಬಣ್ಣ ಹೊಡೆಸಿದ್ದು ಏನನ್ನು ಮುಚ್ಚಲು ಎಂಬ ಅನುಮಾನ ಹುಟ್ಟುತ್ತದೆ. ಮುಚ್ಚಿದ್ದು ಬರಿಯ ಗೀರೇ ಆಗಿದ್ದರೂ ಗಿರಾಕಿಯ ಮನಸ್ಸಿನಲ್ಲಿ ಅದು ಅಪಘಾತವೇ.

ಪೂರ್ತಿ ಬಣ್ಣದ ಖರ್ಚನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇಂಜಿನ್, ಗಾಜು, ರಬ್ಬರು, ಒಳಾಂಗಣ ಬಿಚ್ಚಿ ಮಾಡುವ ಸಮಗ್ರ ಕೆಲಸಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಬಿಚ್ಚದೆ ಕಾಗದ ಅಂಟಿಸಿ ಸಿಂಪಡಿಸುವ ಅಗ್ಗದ ಕೆಲಸದಲ್ಲಿ ರಬ್ಬರಿನ ಅಂಚಿಗೂ ಬೋಲ್ಟಿನ ತಲೆಗೂ ಬಣ್ಣ ಹತ್ತಿ, ಬಲ್ಲವರ ಕಣ್ಣಿಗೆ ತಾನೇ ದೂರು ಹೇಳುತ್ತದೆ. ಬೋಲ್ಟಿನ ತಲೆಯ ಮೇಲಿನ ಮೂಲ ಬಣ್ಣ ಸ್ಪ್ಯಾನರ್ ತಗುಲಿ ಕೆಟ್ಟಿದೆಯೇ ಎಂದು ನೋಡುವುದೇ ಪರೀಕ್ಷಕರ ಮೊದಲ ಕೆಲಸ. ಬಾನೆಟ್ಟಿಗೊಂದು ಬಣ್ಣ, ನಾಲ್ಕಾರು ಕಲ್ಲೇಟಿಗೆ ಕುಂಚ, ಉಳಿದೆಡೆ ಹಗುರವಾದ ಪಾಲಿಶ್, ಹೊಸ ರಬ್ಬರು: ಹೀಗೆ ಮಾಡಿದ ಕಾರಿಗೆ ತಗಲುವ ವೆಚ್ಚ ಅದರ ಒಂದು ಅಂಶ ಮಾತ್ರ. ಮಿಕ್ಕ ಹಣ ವರ್ತಕನ ಗಲ್ಲಾಪೆಟ್ಟಿಗೆಯಲ್ಲೇ ಉಳಿಯುತ್ತದೆ.

ಆರ್34 ಜಿಟಿ-ಆರ್‌ನ ತಯಾರಿಕೆ 2002ರವರೆಗೆ ನಡೆದುದರಿಂದ, ಕೊನೆಯ ಕಾರುಗಳಿಗೆ ಅಮೆರಿಕದ 25 ವರ್ಷಗಳ ಅವಧಿ ತುಂಬುವುದು 2027ರಲ್ಲಿ. ಅಲ್ಲಿಯವರೆಗೆ ಪ್ರತಿ ತಿಂಗಳೂ ಹೊಸ ಹೊಸ ಕಾರುಗಳು ಅರ್ಹತೆ ಪಡೆಯುತ್ತಾ ಹೋಗುತ್ತವೆ. ಈ ಅಲ್ಪ ಕಾಲದಲ್ಲಿ ಆಮದುದಾರರ ಸಂಘಗಳು ತಮ್ಮ ಸದಸ್ಯರಿಗೆ ಮೂರು ಕಾಗದಗಳನ್ನು ಕಡ್ಡಾಯಗೊಳಿಸುವುದು ಕಷ್ಟದ ಕೆಲಸವಲ್ಲ: ಅನುವಾದದೊಡನೆ ಮೂಲ ಹರಾಜು ಪತ್ರ, ಕಾರು ಇಳಿದಾಗ ಪ್ರತಿ ತಗಡಿನ ಬಣ್ಣದ ದಪ್ಪದ ಅಳತೆ, ಮತ್ತು ಮಾಡಿದ ದುರಸ್ತಿಯ ವಿವರವಾದ ಬಿಲ್ಲು. ಬಿಲ್ಲಿನಲ್ಲಿ ‘ಬಣ್ಣದ ಕೆಲಸ’ ಎಂದು ಒಂದೇ ಸಾಲು ಬರೆದರೆ ಸಾಲದು. ಯಾವ ತಗಡು, ಯಾವ ಬಣ್ಣದ ಸಂಕೇತ, ಪುಟ್ಟಿ ಬಳಸಿದೆಯೋ ಇಲ್ಲವೋ, ಕೆಲಸಕ್ಕೆ ಮುನ್ನ ಅಳತೆ ಎಷ್ಟಿತ್ತು, ನಂತರ ಎಷ್ಟಾಯಿತು ಎಂಬುದಿರಬೇಕು, ಕೆಳಗೆ ಕೆಲಸ ಮಾಡಿದವನ ಸಹಿ ಇರಬೇಕು.